ಮುಧೋಳ ಮರಿ, ಮೆಂತ್ಯದ ಮಡಿ: ನಾಯಿಮರಿಗೆ ‘ಹೊರಕಡಿ’ ಕಲಿಸೋದು ಹೇಗೆ?

ಹೊಲ ಕಾಯೋಕೆ ಒಂದು ನಾಯಿ ಇರಲಿ ಅಂತ ಮರಿ ತರೋ ಯುವ ರೈತರು ಈಗ ಬಹಳ. ಮಂಗ, ನವಿಲು, ಕಾಡುಹಂದಿ ಕಾಟ ಇದ್ದಲ್ಲಿ ಅದು ಸಹಜನೇ. ಮೊದಲ ವಾರ ಎಲ್ಲರ ಸ್ಟೇಟಸ್ಸಿನಲ್ಲೂ ಮರಿಯದೇ ಫೋಟೊ. ಎರಡನೇ ವಾರಕ್ಕೆ ಫೋನ್ ಬರ್ತದೆ: “ಎಲ್ಲಿ ಬೇಕಲ್ಲಿ ಉಚ್ಚಿ ಹೊಯ್ತದರಿ, ಮನ್ಯಾಗ ಅವ್ವ ಬೈಯಾಕತ್ತಾಳ. ಏನ್ ಮಾಡೂದು?”

ಮೊಬೈಲಿನಲ್ಲಿ ಹುಡುಕಿದರೆ ವಿಡಿಯೊ ಸಾವಿರ ಸಿಗ್ತಾವೆ. ಆದರೆ ಅವೆಲ್ಲ ಟೈಲ್ಸ್ ಹಾಕಿದ ಫ್ಲ್ಯಾಟಿನ ನಾಯಿಗಳಿಗೆ. ನಮ್ಮ ಸಮಸ್ಯೆ ಬೇರೆ. ನಮಗೆ ಮನೆಯೊಳಗಿನ ಫರ್ಸಿಗಿಂತ ಹಿತ್ತಲಿನ ಮೆಂತ್ಯದ ಮಡಿ ಮುಖ್ಯ. ಒಳಗೆ ಮಾಡಿದ್ದನ್ನು ಒರೆಸಬಹುದು, ತಪ್ಪಲದ ಮಡಿಯಲ್ಲಿ ಮಾಡಿದ್ದು ಊಟದ ತಾಟಿಗೆ ಬರ್ತದೆ. ಅದಕ್ಕೇ ಈ ವಾರ ಬೆಳೆ, ರೋಗ ಬಿಟ್ಟು ನಾಯಿಮರಿಯ ವಿಷಯ.

ನಾನಿರೋದು ಧಾರವಾಡದ ಮಾಳಮಡ್ಡಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಒಂದು ಹಂಚಿನ ಮನೆ. ಹಿತ್ತಲಿನಲ್ಲಿ ಮೆಂತ್ಯ, ಕೊತ್ತಂಬರಿ, ಹಕ್ಕರಿಕೆ, ಮೂಲಂಗಿಯ ಸಣ್ಣ ಮಡಿಗಳು. ಊರ ಹೊರಗೆ ಎರಡೂವರೆ ಎಕರೆ. ತಪ್ಪಲ ಬಹುಪಾಲು ಇದೇ ಓಣಿಯ ಮನೆಗಳಿಗೇ ಹೋಗ್ತದೆ. ಮಿಂಚು ಅನ್ನೋ ಮುಧೋಳ ಹೆಣ್ಣುಮರಿ ಮನೆಗೆ ಬಂದ ಮೂರನೇ ದಿನ, ಕಾಯಂ ತಪ್ಪಲ ಒಯ್ಯೋ ಅಜ್ಜಿಯೊಬ್ಬರು ಗೇಟಿನ ಹತ್ತಿರ ನಿಂತು ಕೇಳಿದರು: “ನಾಯಿ ತಂದೀಯಂತಲ್ಲೋ ತಮ್ಮಾ? ನಾವು ಹಕ್ಕರಕಿ ಹಸೀದ ತಿಂತೀವಪಾ.”

ಸರಿಯಾದ ಪ್ರಶ್ನೆ. ಬಿಸಿ ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲ ತಿನ್ನೋರು ನಾವು. ರಾಸಾಯನಿಕ ಹೊಡೆಯದ ತಪ್ಪಲ ಅಂತ ಎರಡು ರೂಪಾಯಿ ಹೆಚ್ಚು ಕೊಡೋ ಗಿರಾಕಿಗೆ ನಾಯಿ ಹೇಲಿನ ಮೊಟ್ಟೆ ಕೊಡೋಕೆ ಆಗಲ್ಲ.

ಮೊಟ್ಟೆ ಅಂದೆ. ಅದನ್ನ ಬಿಡಿಸಿ ಹೇಳ್ತೀನಿ. ನಾಯಿಮರಿಗಳಲ್ಲಿ ಟಾಕ್ಸೊಕಾರಾ ಅನ್ನೋ ಜಂತುಹುಳ ಬಹಳ ಸಾಮಾನ್ಯ. ತಾಯಿಯ ಗರ್ಭದಲ್ಲೇ, ಆಮೇಲೆ ಹಾಲಿನಿಂದಲೂ ಮರಿಗೆ ಬರ್ತದೆ. ಹಾಗಾಗಿ ಎಷ್ಟೇ ಚೆಂದ ಸಾಕಿದ ಕಡೆಯಿಂದ ತಂದರೂ ಮರಿಯ ಹೊಟ್ಟೆಯಲ್ಲಿ ಹುಳ ಇದೆ ಅಂತಲೇ ತಿಳಕೊಳ್ಳಿ. ಒಂದು ಹೆಣ್ಣುಹುಳ ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡಬಲ್ಲದು. ಅವು ಮಲದ ಜೊತೆ ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಬದುಕ್ತಾವೆ. ಮನುಷ್ಯರ ಹೊಟ್ಟೆಗೆ ಹೋದರೆ ಮರಿಹುಳ ಲಿವರ್, ಪುಪ್ಪುಸ, ಅಪರೂಪಕ್ಕೆ ಕಣ್ಣಿಗೂ ಹೋಗಬಹುದು. ಮಣ್ಣಲ್ಲಿ ಆಡೋ ಮಕ್ಕಳಿಗೆ ಅಪಾಯ ಜಾಸ್ತಿ. ಇನ್ನೊಂದು ಕೊಕ್ಕೆಹುಳ. ಅದರ ಮರಿಹುಳ ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೊಕ್ಕು ತುರಿಕೆ ಎಬ್ಬಿಸ್ತದೆ. ಕಳೆ ತೆಗೆಯೋ ನಮ್ಮ ಹೆಣ್ಣುಮಕ್ಕಳು ಚಪ್ಪಲಿ ಹಾಕ್ಕೊಂಡು ಮಡಿಗೆ ಇಳಿಯೋದು ನೀವು ನೋಡೀರೇನು?

ಹೆದರಬೇಡಿ, ಇದರಲ್ಲೇ ಒಂದು ದಾರಿಯೂ ಇದೆ. ಟಾಕ್ಸೊಕಾರಾ ಮೊಟ್ಟೆ ಹೊರಗೆ ಬಿದ್ದ ಕೂಡಲೇ ರೋಗ ತರೋದಿಲ್ಲ. ಮಣ್ಣಲ್ಲಿ ಎರಡು ವಾರದ ಆಸುಪಾಸು ಬಲಿತ ಮೇಲೇ ಅದಕ್ಕೆ ಆ ಶಕ್ತಿ. ಕೊಕ್ಕೆಹುಳಕ್ಕೆ ಒಂದು ವಾರ ಸಾಕು. ಅಂದರೆ ಮರಿ ಒಂದೇ ಜಾಗದಲ್ಲಿ ಮಾಡೋದು ಕಲಿತು, ನೀವು ದಿನಾ ಅದನ್ನ ಎತ್ತಿ ಹಾಕಿದರೆ ಸರಪಳಿ ಅಲ್ಲೇ ಕಡೀತದೆ. ‘ಒಂದೇ ಜಾಗ’ ಅನ್ನೋದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಮರಿಗೆ ನಿಮ್ಮ ಮಡಿ ಯಾಕೆ ಇಷ್ಟ?

ಮರಿಗಳು ಏಳರಿಂದ ಒಂಬತ್ತು ವಾರದ ಹೊತ್ತಿಗೆ ಕಾಲಡಿಯ ನೆಲ ನೋಡಿ ಜಾಗ ಗೊತ್ತು ಮಾಡ್ಕೋತಾವೆ. ಫರ್ಸಿ ಮೇಲೆ ಬೆಳೆದದ್ದು ಫರ್ಸಿ ಹುಡುಕ್ತದೆ, ಗೋಣಿಚೀಲದ ಮೇಲೆ ರೂಢಿ ಆದದ್ದು ಗೋಣಿಚೀಲ. ಮುಧೋಳ ಮರಿ ಸಾಮಾನ್ಯವಾಗಿ ಬರೋದು ರೈತರ ಮನೆಯ ಅಂಗಳದಿಂದ, ಅಂದರೆ ಮಣ್ಣಿನಿಂದ. ಅದಕ್ಕೆ ಮೆತ್ತಗಿನ ಮಣ್ಣು ಅಂದರೆ ಜೀವ. ಈಗ ನಿಮ್ಮ ಮಡಿ ನೋಡಿ: ಸಡಿಲ ಮಾಡಿದ್ದು, ಗೊಬ್ಬರ ಹಾಕಿದ್ದು, ಹಸಿ ಇರೋದು, ಸಗಣಿ ವಾಸನೆ ಬೇರೆ. ನೀವು ಕೊತ್ತಂಬರಿಗೆ ಅಂತ ತಯಾರು ಮಾಡಿದ್ದೀರಿ, ಮರಿ ತನಗೇ ಮಾಡ್ಯಾರ ಅಂತ ತಿಳೀತದೆ. ಅದರ ತಪ್ಪೇನು?

ಅದಕ್ಕೆ ಮಡಿಗಿಂತ ಚೆಂದದ ಜಾಗ ನಾವೇ ಮಾಡಿ ಕೊಡಬೇಕು. ಹಿತ್ತಲಿನ ಒಂದು ಮೂಲೆ, ಬಾವಿ ಮತ್ತು ನೀರಿನ ತೊಟ್ಟಿಯಿಂದ ದೂರ, ಮಳೆನೀರು ಹರಿದು ಮಡಿಗೆ ಬಾರದ ಕಡೆ. ಐದಡಿ ಉದ್ದ, ಐದಡಿ ಅಗಲ ಸಾಕು. ಅರ್ಧ ಅಡಿ ಕೆದರಿ ಸ್ವಲ್ಪ ಉಸುಕು ಬೆರೆಸಿ ಸಡಿಲ ಮಾಡಿ. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ. ಮೇಲೆ ಒಂದು ತಗಡು ಇರಲಿ. ಮುಧೋಳ ನಾಯಿಗೆ ಮೈಮೇಲೆ ಕೊಬ್ಬೂ ಇಲ್ಲ, ದಪ್ಪ ಕೂದಲೂ ಇಲ್ಲ. ಮಳೆಯಲ್ಲಿ ನಿಂತು ಕೆಲಸ ಮುಗಿಸು ಅಂದರೆ ಅದು ನಿಮ್ಮ ಮುಖ ನೋಡಿ ಒಳಗೆ ಓಡಿ ಬರ್ತದೆ, ಬಂದು ಪಡಸಾಲಿಯಲ್ಲಿ ಮುಗಿಸ್ತದೆ.

ಮೊದಲ ದಿನ ಅದರ ಉಚ್ಚಿ ಒರೆಸಿದ ಬಟ್ಟೆಯ ತುಂಡನ್ನ ಆ ಜಾಗದಲ್ಲಿ ಇಡಿ. ವಾಸನೆಯೇ ಬೋರ್ಡು. ಇನ್ನು ಮಡಿಗಳ ಸುತ್ತ ಎರಡಡಿ ಎತ್ತರಕ್ಕೆ ಹಳೇ ನೆಟ್ ಕಟ್ಟಿ. ಮರಿ ಐದು ತಿಂಗಳಾದ ಮೇಲೆ ಅದನ್ನ ಹಾರ್ತದೆ, ಆದರೆ ಅಷ್ಟರೊಳಗೆ ರೂಢಿ ಕೂತಿರ್ತದೆ.

ಕ್ರೇಟ್ ಅಂದರೆ ಟೊಮ್ಯಾಟೊ ಕ್ರೇಟ್ ಅಲ್ಲ

ನಮ್ಮ ಕಡೆ ಕ್ರೇಟ್ ಅಂದ ಕೂಡಲೇ ನೆನಪಾಗೋದು ಎಪಿಎಂಸಿಗೆ ಟೊಮ್ಯಾಟೊ ಒಯ್ಯೋ ಪ್ಲಾಸ್ಟಿಕ್ ಕ್ರೇಟ್. ಅದರಲ್ಲಿ ಬಟ್ಟೆ ಹಾಸಿ ಮರಿ ತರೋದೇನೋ ಸರಿ. ಮಿಂಚು ಕೂಡ ಸವದತ್ತಿ ದಾರಿಯಲ್ಲಿ ಹಾಗೇ ಬಂತು, ಎರಡು ಸಲ ಕಕ್ಕಿಕೊಂಡು. ಆದರೆ ಮರಿ ಒಳಗಿಟ್ಟು ಮೇಲೆ ಇನ್ನೊಂದು ಕ್ರೇಟ್ ಬೋರಲು ಹಾಕಿ ಕಲ್ಲು ಹೇರೋದು ಮಾತ್ರ ಬೇಡ. ಬೇಸಿಗೆಯಲ್ಲಿ ಕುದ್ದು ಹೋಗ್ತದೆ, ಜೊತೆಗೆ ಆ ಜಾಗದ ಬಗ್ಗೆ ಜೀವನಪೂರ್ತಿ ಹೆದರಿಕೆ.

ನಾಯಿ ತರಬೇತಿಯಲ್ಲಿ ಕ್ರೇಟ್ ಅಂದರೆ ಅದರ ಸ್ವಂತ ಗೂಡು. ಇದು ಕೆಲಸ ಮಾಡೋ ಕಾರಣ ಸರಳ: ತಾನು ಮಲಗೋ ಜಾಗವನ್ನ ನಾಯಿ ಹೊಲಸು ಮಾಡ್ಕೊಳ್ಳಲ್ಲ. ಕಣ್ಣು ಬಿಟ್ಟು ನಡೆಯೋಕೆ ಕಲಿತ ಮರಿ ತಾಯಿಯ ಹಾಸಿಗೆಯಿಂದ ನಾಲ್ಕು ಹೆಜ್ಜೆ ಆಚೆ ಹೋಗಿಯೇ ಕೂಡ್ತದೆ. ಆ ಗುಣವನ್ನೇ ನಾವು ಬಳಸೋದು. ಗೂಡು ದೊಡ್ಡದಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಪಾಯಖಾನೆ ಆಗ್ತದೆ. ನಿಲ್ಲೋಕೆ, ತಿರುಗೋಕೆ, ಕಾಲು ಚಾಚಿ ಮಲಗೋಕೆ ಆಗಬೇಕು, ಅಷ್ಟೇ.

ಮುಧೋಳ ತಳಿ ಬೆಳೆದು ಭುಜದ ಹತ್ತಿರ ಎರಡಡಿ ದಾಟ್ತದೆ. ತಿಂಗಳಿಗೊಂದು ಗೂಡು ಕೊಳ್ಳೋಕೆ ಆಗಲ್ಲ. ನಾನು ಬಡಿಗೇರ ಹತ್ತಿರ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ, ಮೂರಡಿ ಎತ್ತರದ ಕಟ್ಟಿಗೆ ಗೂಡು ಮಾಡಿಸಿದೆ. ಮೂರು ಕಡೆ ಪಟ್ಟಿ, ಮುಂದೆ ಜಾಳಿಗೆಯ ಬಾಗಿಲು, ನಡುವೆ ಸರಿಸೋಕೆ ಬರೋ ಒಂದು ಹಲಗೆ. ಮರಿ ಬೆಳೆದಂಗೆ ಹಲಗೆ ಹಿಂದೆ ಹೋಗ್ತದೆ. ಪೇಟೆಯ ತಂತಿ ಗೂಡು ತಂದರೂ ನಡ್ಡಿಲ್ಲ, ರಾತ್ರಿ ಮೇಲೊಂದು ಚಾದರ ಹಾಕಿ, ಗಾಳಿ ಆಡೋಕೆ ಮುಂದಿನ ಕಡೆ ಬಿಡಿ.

ಒಳಗೆ ತಳ್ಳಿ ಬಾಗಿಲು ಹಾಕೋದು ಕ್ರೇಟ್ ತರಬೇತಿ ಅಲ್ಲ. ಮೊದಲ ಎರಡು ಮೂರು ದಿನ ಬಾಗಿಲು ತೆರೆದೇ ಇರಲಿ. ಊಟದ ತಾಟು ಒಳಗೇ ಇಡಿ. ತಾಯಿಯ ವಾಸನೆ ಇರೋ ಬಟ್ಟೆ ಮರಿ ತರುವಾಗಲೇ ಕೇಳಿ ತಂದು ಹಾಸಿ. ತಾನೇ ಒಳಹೋಗಿ ಮಲಗೋಕೆ ಶುರು ಮಾಡಿದ ಮೇಲೆ ಉಣ್ಣುವಾಗ ಐದು ನಿಮಿಷ ಬಾಗಿಲು ಹಾಕಿ, ಎದುರೇ ಕೂತಿರಿ. ಆಮೇಲೆ ಹತ್ತು, ಅರ್ಧ ತಾಸು. ಒಳಗೆ ಹಾಕೋದನ್ನ ಎಂದೂ ಶಿಕ್ಷೆ ಮಾಡಬೇಡಿ.

ಮೊದಲ ರಾತ್ರಿ ಅಳ್ತದೆ. ನಮ್ಮ ಅವ್ವ ಎದ್ದು ಬಂದು, “ಏನ್ ಪಾಪ ಮಾಡೇತಂತ ಜೇಲಿಗೆ ಹಾಕೀಯೋ?” ಅಂದಳು. ಗೂಡನ್ನ ನನ್ನ ಹಾಸಿಗೆ ಪಕ್ಕಕ್ಕೇ ತಂದಿಟ್ಟು ಕೈ ಇಳಿಬಿಟ್ಟು ಮಲಗಿದೆ. ಬೆರಳು ಮೂಸಿ ಮಲಗಿತು. ತಾಯಿ, ಒಡಹುಟ್ಟಿದವರ ಬೆಚ್ಚಗಿನ ರಾಶಿಯಿಂದ ಎದ್ದು ಬಂದ ಮರಿಗೆ ಒಬ್ಬಂಟಿ ರಾತ್ರಿ ದೊಡ್ಡದು. ಕೊಟ್ಟಿಗೆಯ ಮೂಲೆಯಲ್ಲೋ ಮನೆ ಹೊರಗೋ ಕಟ್ಟಿ, “ಅತ್ತು ಅತ್ತು ಸುಮ್ಮನಾಗ್ತದ ಬಿಡು” ಅನ್ನೋ ಹಳೇ ಸಲಹೆಯನ್ನ ನಾನು ಒಪ್ಪಲ್ಲ. ಹತ್ತು ದಿನ ಪಕ್ಕದಲ್ಲಿ ಇಟ್ಟುಕೊಂಡು ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬಾಗಿಲ ಕಡೆ ಸರಿಸಿ.

ಹಗಲು ಒಂದೇ ಸಮನೆ ಎರಡು ಮೂರು ತಾಸಿಗಿಂತ ಹೆಚ್ಚು ಮುಚ್ಚಿ ಇಡಬೇಡಿ. ಸಂತೆಗೆ ಹೋಗಿ ಸಂಜೆ ಬರ್ತೀನಿ ಅನ್ನೋರಿಗೆ ಗೂಡು ಪರಿಹಾರ ಅಲ್ಲ, ಮನೆಯಲ್ಲಿ ಒಬ್ಬರು ಬೇಕು. ಮುಧೋಳ ಅಂದರೆ ಓಡೋಕೆ ಹುಟ್ಟಿದ ನಾಯಿ. ಘೋರ್ಪಡೆ ಸಂಸ್ಥಾನದ ಕಾಲದಿಂದ ಬೇಟೆಗೆ ಸಾಕಿದ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದದ್ದು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ತೆಗೆದ ಮೇಲಂತೂ ಎಲ್ಲರಿಗೂ ಮುಧೋಳವೇ ಬೇಕು. ತರೋರು ಮುಧೋಳ ಹತ್ತಿರದ ತಿಮ್ಮಾಪುರದಲ್ಲಿರೋ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನ ಒಮ್ಮೆ ವಿಚಾರಿಸಿ. ದಿನಕ್ಕೆ ಎರಡು ಸಲ ಬಿಟ್ಟು ಓಡಿಸೋಕೆ ಜಾಗ ಇಲ್ಲದಿದ್ದರೆ ಓಣಿಯದೇ ಒಂದು ನಾಡಮರಿ ಸಾಕಿ. ಅದೂ ಹೊಲ ಕಾಯ್ತದೆ, ರೋಗಕ್ಕೂ ಗಟ್ಟಿ.

ತಾಸಿನ ಲೆಕ್ಕ, ಫೋನಿನ ಅಲಾರಾಂ

ಮರಿ ಎಷ್ಟು ಹೊತ್ತು ತಡಕೋತದೆ? ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿ, ಅಷ್ಟು ತಾಸು. ಎರಡು ತಿಂಗಳ ಮರಿಗೆ ಮೂರು ತಾಸು. ಇದು ಮಲಗಿದ್ದಾಗಿನ ಗರಿಷ್ಠ. ಎದ್ದು ಆಡೋವಾಗ ಅರ್ಧ ತಾಸಿಗೂ ಒಮ್ಮೆ ಬರಬಹುದು.

ನಾಲ್ಕು ಹೊತ್ತು ಮರೀಬೇಡಿ: ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಆಟ ಜೋರಾದಾಗ, ಗೂಡಿನಿಂದ ಹೊರಬಂದಾಗ. ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ಕರುಳಿಗೆ ‘ಜಾಗ ಖಾಲಿ ಮಾಡು’ ಅಂತ ಸುದ್ದಿ ಹೋಗ್ತದೆ, ಅದಕ್ಕೇ ಉಂಡ ಮೇಲಿನ ಹೊತ್ತು ಬಹುತೇಕ ತಪ್ಪಲ್ಲ. ಹೊತ್ತಿಗೆ ಸರಿಯಾಗಿ ಉಣಿಸಿದರೆ ಹೊತ್ತಿಗೆ ಸರಿಯಾಗಿ ಹೊರಡ್ತದೆ. ದಿನವಿಡೀ ತಾಟು ತುಂಬಿ ಇಟ್ಟರೆ ಲೆಕ್ಕ ಹತ್ತಲ್ಲ.

ನಮ್ಮ ಮನೆಯಲ್ಲಿ ನಾಲ್ಕೂ ಜನ ಸೇರಿ ‘ಮಿಂಚು’ ಅಂತ ವಾಟ್ಸಾಪ್ ಗುಂಪು ಮಾಡಿದೆವು. ಯಾರು ಹೊರಗೆ ಒಯ್ದರೂ ‘ಉ’ ಅಥವಾ ‘ಕ’ ಅಂತ ಹಾಕೋದು, ಟೈಮ್ ತಾನೇ ಬೀಳ್ತದೆ. ಮೂರು ದಿನಕ್ಕೆ ಅದರ ಕ್ರಮ ಕಣ್ಣಿಗೆ ಬಿತ್ತು: ಬೆಳಿಗ್ಗೆ ಐದೂವರೆ, ಊಟ ಆದ ಹನ್ನೆರಡು ನಿಮಿಷ, ಮಧ್ಯಾಹ್ನದ ನಿದ್ದೆ ಮುಗಿದಾಗ, ಸಂಜೆ ಆರಕ್ಕೆ ಎರಡು ಸಲ. ಅದರ ಪ್ರಕಾರ ಅಲಾರಾಂ ಇಟ್ಟೆ. ರಾತ್ರಿ ಹತ್ತೂವರೆಗೆ ಕೊನೇದು, ನಡುವೆ ಎರಡಕ್ಕೆ ಒಮ್ಮೆ. ರಾತ್ರಿ ಒಯ್ಯುವಾಗ ಲೈಟು, ಮಾತು, ಆಟ ಇಲ್ಲ. ಮುಗಿಸಿ ಮತ್ತೆ ಗೂಡು. ಮೂರೂವರೆ ತಿಂಗಳಾಗುವ ಹೊತ್ತಿಗೆ ಎರಡು ಗಂಟೆಯ ಅಲಾರಾಂ ಬೇಕಾಗಲಿಲ್ಲ.

ಹೊರಗೆ ಒಯ್ಯುವಾಗ ಒಂದೇ ಬಾಗಿಲು, ಒಂದೇ ದಾರಿ, ಒಂದೇ ಮಾತು. ನಾವು “ನಡಿ, ಹೊರಕಡಿ” ಅಂತೀವಿ. ನಮ್ಮ ಭಾಷೆಯಲ್ಲಿ ಆ ಕೆಲಸಕ್ಕೆ ಇಷ್ಟು ಚೆಂದದ ಮಾತು ಇರುವಾಗ ಇಂಗ್ಲಿಷ್ ಯಾಕೆ? ಚಿಕ್ಕ ಹಗ್ಗ ಹಾಕಿ ಆ ಮೂಲೆಗೆ ಒಯ್ದು ಸುಮ್ಮನೆ ನಿಲ್ಲಿ. ಮುಗಿಸಿದ ಎರಡು ಸೆಕೆಂಡಿನೊಳಗೆ ಉಪ್ಪಿಲ್ಲದ ಶೇಂಗಾ ಕಾಳೋ, ರೊಟ್ಟಿ ಚೂರೋ ಕೊಟ್ಟು ಮುದ್ದು ಮಾಡಿ. ಮನೆಗೆ ಬಂದು ಕೊಟ್ಟರೆ, ಮನೆಗೆ ಬಂದದ್ದಕ್ಕೆ ಕೊಟ್ಟರು ಅಂತ ಅದು ತಿಳೀತದೆ. ಐದು ನಿಮಿಷ ನಿಂತರೂ ಮಾಡಲಿಲ್ಲವೋ, ಒಳಗೆ ತಂದು ಗೂಡಿನಲ್ಲೋ ತೊಡೆಯ ಮೇಲೋ ಇಟ್ಟುಕೊಂಡು ಹತ್ತು ನಿಮಿಷಕ್ಕೆ ಮತ್ತೆ ಒಯ್ಯಿರಿ. ಆ ಹೊತ್ತಲ್ಲಿ ಮಾತ್ರ ಮನೆಯಲ್ಲಿ ಬಿಡಬೇಡಿ.

ಇನ್ನು ಒಳಗೆ ಮಾಡಿದಾಗ ಮೂಗು ತಿಕ್ಕೋದು, ಬಾರಕೋಲು ತೋರಿಸೋದು. ನಮ್ಮಲ್ಲಿ ಬಹಳ ಮನೆಯಲ್ಲಿ ನಡೀತದೆ. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೆ ಈಗ ಹೊಡೆದರೆ ಯಾತಕ್ಕೆ ಅಂತ ಅದಕ್ಕೆ ಗೊತ್ತಾಗಲ್ಲ. ಬಾಲ ಮುದುಡಿ ಕೂಡೋದು ತಪ್ಪು ಒಪ್ಪಿಕೊಂಡಂತಲ್ಲ, ನಿಮ್ಮ ದನಿಗೆ ಹೆದರಿದ್ದು. ಅದು ಕಲಿಯೋದು ಒಂದೇ: ಮನುಷ್ಯರ ಎದುರು ಉಚ್ಚಿ ಹೊಯ್ಯಬಾರದು. ಆಮೇಲೆ ಹಗ್ಗ ಹಿಡಿದು ಹೊರಗೆ ಅರ್ಧ ತಾಸು ನಿಂತರೂ ಮಾಡಲ್ಲ, ಒಳಗೆ ಬಂದು ಬೀಜದ ಚೀಲದ ಹಿಂದೆ ಹೋಗಿ ಮಾಡ್ತದೆ. ಕಣ್ಣೆದುರೇ ಮಾಡ್ತಿದ್ದರೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ಓಡಿ. ನೋಡದೇ ಇದ್ದಾಗ ಆಗಿದ್ದರೆ ಒರೆಸಿ, ಸುಮ್ಮನಿರಿ.

ಒರೆಸೋದಕ್ಕೆ ಬರೀ ಫಿನಾಯಿಲ್ ಸಾಲದು. ನಮ್ಮ ಮೂಗಿಗೆ ಹೋದ ವಾಸನೆ ಅದರ ಮೂಗಿಗೆ ಇರ್ತದೆ, ಮತ್ತೆ ಅಲ್ಲೇ ಬರ್ತದೆ. ನೀರು ಬೆರೆಸಿದ ವಿನೆಗರ್ ಹಾಕಿ ಒರೆಸಿ, ಅಥವಾ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗೋ ಎಂಜೈಮ್ ದ್ರಾವಣ. ನಾನು ನಿಂಬೆ, ಮೋಸಂಬಿ ಸಿಪ್ಪೆ, ಬೆಲ್ಲ, ನೀರು ಕೂಡಿಸಿ ಮೂರು ತಿಂಗಳು ಕೊಳೆಸಿದ್ದನ್ನೇ ಬಳಸ್ತೀನಿ. ನಿಮ್ಮಲ್ಲಿ ಹಲವರ ಮನೆಯಲ್ಲಿ ಅದು ಈಗಾಗಲೇ ಡ್ರಮ್ಮಿನಲ್ಲಿ ಇರಬೇಕಲ್ಲ.

ಎತ್ತಿದ ಮೇಲೆ ಎಲ್ಲಿ ಹಾಕೋದು?

ಎರೆಗೊಬ್ಬರದ ತೊಟ್ಟಿಗೆ ಬೇಡ, ಜೀವಾಮೃತದ ಡ್ರಮ್ಮಿನ ಹತ್ತಿರಕ್ಕೂ ಬೇಡ. “ಸಗಣಿ ನಡೀತದ, ಇದ್ಯಾಕ ನಡ್ಯಂಗಿಲ್ಲ?” ಅಂತ ಒಬ್ಬ ಗೆಳೆಯ ವಾದ ಮಾಡಿದ. ಆಕಳು ಹುಲ್ಲು ತಿನ್ನೋ ಪ್ರಾಣಿ. ನಾಯಿ ಮಾಂಸನೂ ತಿನ್ನೋದು, ಅದರ ಕರುಳಿನ ಹುಳ ಬೇರೆ ಜಾತಿ. ಮನೆಯ ಗೊಬ್ಬರದ ಗುಂಡಿ ಎಲ್ಲ ಕಡೆ ಒಂದೇ ಸಮ ಬಿಸಿ ಆಗಲ್ಲ, ಅಂಚಿನಲ್ಲಿ ಮೊಟ್ಟೆ ಉಳೀತಾವೆ. ಹಾಗಾಗಿ ದಿನಾ ಸಲಿಕೆಯಲ್ಲಿ ಎತ್ತಿ, ತಿನ್ನೋ ಬೆಳೆ ಇಲ್ಲದ ಕಡೆ, ಬಾವಿಯಿಂದ ದೂರ ಎರಡಡಿ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ. ಆ ಸಲಿಕೆ ಮಡಿಗೆ ತರಬೇಡಿ, ಹಿಡಿಕೆಗೆ ಕೆಂಪು ಬಣ್ಣ ಬಳಿದಿಡಿ. ಕೈ ಸೋಪಿನಲ್ಲಿ ತೊಳೀರಿ.

ಜಂತಿನ ಔಷಧ ಎಂಟು ವಾರದ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ. ಪ್ರಮಾಣ ಮರಿಯ ತೂಕದ ಮೇಲೆ, ಪಶುವೈದ್ಯರನ್ನೇ ಕೇಳಿ, ದನದ ಔಷಧ ಅಂದಾಜಿಗೆ ಕುಡಿಸಬೇಡಿ. ಕುರಿ ಕೊಯ್ದಾಗ ಹಸಿ ಲಿವರ್, ಪುಪ್ಪುಸ ಹಾಕೋ ರೂಢಿ ಇದ್ದರೆ ಇವತ್ತೇ ಬಿಡಿ. ಅದರಿಂದ ನಾಯಿಗೆ ಬರೋ ಲಾಡಿಹುಳ ಮನುಷ್ಯರ ಲಿವರಿನಲ್ಲಿ ನೀರುಗಂಟು ಮಾಡ್ತದೆ.

ಭೇದಿ ಆಗ್ತಿರೋ ಮರಿಗೆ ಜಾಗ ಕಲಿಸೋಕೆ ಆಗಲ್ಲ. ನಮ್ಮಲ್ಲಿ ಭೇದಿಗೆ ದೊಡ್ಡ ಕಾರಣ ಪ್ರೀತಿಯಿಂದ ಕುಡಿಸೋ ಲೀಟರುಗಟ್ಟಲೆ ಆಕಳ ಹಾಲು, ಮರಿಗಳಿಗೆ ಅದು ಪೂರ್ತಿ ಜೀರ್ಣ ಆಗಲ್ಲ. ಜೋಳದ ನುಚ್ಚು, ಸ್ವಲ್ಪ ಮೊಸರು, ಬೇಯಿಸಿದ ತತ್ತಿ ಒಳ್ಳೇದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ ಬೇಡ, ನಾಯಿಯ ರಕ್ತಕ್ಕೆ ಅವು ವಿಷ. ಆದರೆ ವಾಂತಿ ಜೊತೆ ರಕ್ತದ ಭೇದಿ, ಮಂಕು ಕಂಡರೆ ಹಾಲಿನ ಮೇಲೆ ಹಾಕಿ ಸುಮ್ಮನೆ ಕೂಡಬೇಡಿ. ಅದು ಪಾರ್ವೊ ಇರಬಹುದು, ಒಂದು ರಾತ್ರಿ ತಡ ಮಾಡಿದರೂ ಮರಿ ಉಳಿಯದೇ ಹೋಗಬಹುದು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಹದಿನಾರು ವಾರದ ತನಕ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಪಾರ್ವೊ ವೈರಸ್ಸು ಮಣ್ಣಲ್ಲಿ ತಿಂಗಳುಗಟ್ಟಲೆ ಇರ್ತದೆ, ಅದಕ್ಕೆ ಲಸಿಕೆ ಮುಗಿಯೋ ತನಕ ಹೊರಕಡಿ ಅಂದರೆ ನಿಮ್ಮ ಕಂಪೌಂಡಿನ ಒಳಗೇ, ಬೀದಿನಾಯಿ ಓಡಾಡೋ ಬಯಲಿಗೆ ಬೇಡ.

ಲಸಿಕೆ ಮುಗಿದ ಮೇಲೆ ಹೊಲಕ್ಕೆ ಒಯ್ಯೋದು. ಮನೆಯಲ್ಲಿ ಕಲಿತ ಮರಿ ಹೊಲದಲ್ಲೂ ಕಲಿತಿರ್ತದೆ ಅಂದ್ಕೋಬೇಡಿ. ಅದರ ಲೆಕ್ಕದಲ್ಲಿ ನಿಯಮ ಆ ಹಿತ್ತಲಿನದು, ಹೊಲ ಬೇರೆ ಊರು. ಮಿಂಚುವನ್ನ ಮೊದಲ ಹದಿನೈದು ದಿನ ಹಗ್ಗ ಬಿಡಲೇ ಇಲ್ಲ. ಬದುವಿನ ಆಚೆ, ಹಾಲುವಾಣದ ಗಿಡದ ಹತ್ತಿರ ಒಂದು ಜಾಗ ಕೆದರಿ, ಹಿತ್ತಲಿನ ಆ ಮೂಲೆಯ ಒಂದು ಬುಟ್ಟಿ ಮಣ್ಣು ತಂದು ಸುರುವಿದೆ. ಹೊಲಕ್ಕೆ ಕಾಲಿಟ್ಟ ಕೂಡಲೇ ಮೊದಲು ಅಲ್ಲಿಗೆ, ಅದೇ ಮಾತು, ಅದೇ ಶೇಂಗಾ ಕಾಳು. ಆಮೇಲೆ ಬದುವಿನ ಮೇಲೆ ಓಟ. ಈಗ ಏಳು ತಿಂಗಳು. ಗಾಡಿಯಿಂದ ಇಳಿದ ಕೂಡಲೇ ತಾನೇ ಆ ಗಿಡದ ಕಡೆ ಹೋಗ್ತದೆ. ಗಂಡುಮರಿ ಸಾಕಿದವರಿಗೆ ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಶುರು. ಕಾಲು ಎತ್ತಿ ಕಂಬ, ಡ್ರಿಪ್ ವಾಲ್ವ್, ಕ್ರೇಟಿನ ರಾಶಿ ಎಲ್ಲದಕ್ಕೂ ಗುರುತು ಹಾಕ್ತದೆ. ಕೊಯ್ದ ತಪ್ಪಲದ ಕ್ರೇಟುಗಳನ್ನ ನೆಲದ ಮೇಲೆ ಇಡದೆ ಎರಡೂವರೆ ಅಡಿ ಎತ್ತರದ ಕಟ್ಟೆಯ ಮೇಲೆ ಇಡಿ.